ಕೈ ನಿಲ್ಲುವಂಥ ಓದು

ಹುಲಿಯ ಕತೆ ಓದುವಾಗ ಶಾಲೆ ಕಲಿಸುವ ಅಕ್ಕೋರ ಕೊರಳಿನ ಬಲಬದಿಯ ನರ ಬೆರಳು ದಪ್ಪ ಉಬ್ಬುತ್ತಿತ್ತು. ಅವರು ಗರ್ಜಿಸಿದರೆಂದರೆ ಎರಡನೇ ಇಯತ್ತೆಯ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮಗಳನ್ನು ಕರೆದೊಯ್ಯಲು ಹೊರಗೆ ನಿಂತ ನನಗೂ ಎದೆ ಝಲ್ಲೆನ್ನುತ್ತಿತ್ತು. ಮಹಾರಾಷ್ಟ್ರದ ಹುಪರಿಯ ನಮ್ಮ ಓಣಿಯಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಹಾಕುವವರೇ ಕಡಿಮೆ. ಹಾಕಿದವರು ಹಾಕಿದ್ದು ಈ ಅಕ್ಕೋರ ಮುಖ ನೋಡಿ.

ದೀಪಾವಳಿ ರಜೆ ಮುಗಿದ ಮೇಲೆ ಅವರು ಮನೆಮನೆಗೆ ಬಂದರು. "ಶನಿವಾರ ಮುಂಜಾನೆ ಸಾಲಿಗೆ ಬರ್ರಿ. ಕತಿ ನೀವ ಓದಬೇಕು, ಹುಡುಗರು ಕೇಳ್ತಾವು."

ನನಗೆ ಸಿಟ್ಟೇ ಬಂತು. "ಏನ್ರೀ ಅಕ್ಕೋರ, ಕಲಸೂದು ನಿಮ್ಮ ಕೆಲಸ. ನಮಗ ಗೆಜ್ಜಿ ಕೆಲಸ ಕುತ್ತಿಗಿಮಟ ಬಿದ್ದೈತಿ" ಅಂದೆ. ಬೆಳ್ಳಿಯ ಸಣ್ಣ ಕೊಂಡಿಗಳನ್ನು ಚಿಮಟದಿಂದ ಒಂದಕ್ಕೊಂದು ಜೋಡಿಸಿ ಕಾಲುಗೆಜ್ಜೆ ಮಾಡುವುದು ನಮ್ಮ ಓಣಿಯ ಹೆಂಗಸರ ಕಸುಬು. ಉಣ್ಣುವ ಹೊತ್ತು ಬಿಟ್ಟರೆ ನಮ್ಮ ಕೈ ನಿಲ್ಲುವುದಿಲ್ಲ.

"ಕೆಲಸಾನೂ ತಗೊಂಡ ಬರ್ರಿ" ಅಂದರು. "ಒಬ್ಬರು ಓದ್ರಿ, ಉಳದವರು ಜೋಡಿಸ್ರಿ. ಕೇಳೋರ ಕೈ ನಿಂತ್ರ ಓದಿದ್ದು ಚಲೋ ಆತು ಅಂತ ತಿಳೀರಿ."

ಹೋದೆವು. ಓದು ಮುಗಿದ ಮೇಲೆ ಮಕ್ಕಳು ನೆಲಕ್ಕೆ ಮೂಗು ಹಚ್ಚಿ, ಬಿದ್ದ ಕೊಂಡಿ ಹುಡುಕಬೇಕು. ಅದೇ ಅವರಿಗೆ ಆಟ. ಎಂದೂ ನಗದ ನಮ್ಮ ಅತ್ತೆ ಬೇಕೆಂದೇ ಒಂದು ಕೊಂಡಿಯನ್ನು ಸೀರೆಯ ನಿರಿಗೆಯಲ್ಲಿ ಬಚ್ಚಿಟ್ಟು ಅವರನ್ನು ಕುಣಿಸುತ್ತಿದ್ದರು. ನನ್ನ ಓದಿಗೆ ಮಾತ್ರ ಒಬ್ಬರ ಕೈಯೂ ನಿಲ್ಲಲಿಲ್ಲ. ಹೆತ್ತ ಮಗಳೇ ಆಕಳಿಸಿದಳು.

ಅಕ್ಕೋರು ಮೂಲೆಯಲ್ಲಿ ಬಿಸಿನೀರು ಗುಟುಕರಿಸುತ್ತ ಕೂತಿರುತ್ತಿದ್ದರು. ಒಂದು ಶನಿವಾರ ನಾನು ಚೇಷ್ಟೆಗೆ "ಒಮ್ಮಿ ಹುಲಿ ಮಾಡ್ರಲ್ಲ" ಅಂದೆ. ಹತ್ತಿರ ಕರೆದು ಪಿಸುಗುಟ್ಟಿದರು: "ಗಂಟಲದಾಗ ಗಂಟ ಆಗೇತ್ರಿ. ಕೊಲ್ಹಾಪುರದ ಡಾಕ್ಟರು ಆಪರೇಷನ್ ಮಾಡಬೇಕ ಅಂದಾರ. ನನ್ನ ಧ್ವನಿ ಹೋದ್ರೂ ಹುಡುಗರಿಗೆ ಕತಿ ನಿಲ್ಲಬಾರದು ನೋಡ್ರಿ. ಹುಲೀನ್ನ ನಿಮಗ ಬಿಟ್ಟೇನಿ."

ಅಯ್ಯೋ ಶಿವನೇ, ಇಷ್ಟು ಮಂದಿ ಇರುವಾಗ ಆಕಳಿಕೆ ತರಿಸುವ ನನಗೇ ಯಾಕೆ ಬಿಟ್ಟರೋ!

ಆಪರೇಷನ್ ಆಯಿತು. ಧ್ವನಿ ಹೋಯಿತು, ರೋಗ ಹೋಗಲಿಲ್ಲ. ಅವರ ತಂಗಿ ಅವರನ್ನು ಗಡಹಿಂಗ್ಲಜದ ತಮ್ಮ ಮನೆಗೆ ಕರೆದೊಯ್ದರು. ಇತ್ತ ಶನಿವಾರದ ಓದು ಹೇಗೋ ನಡೆಯಿತು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಗರ್ಜಿಸಿ ಗರ್ಜಿಸಿ ಕಲಿತೆ. ಹುಲಿ ನನಗೆ ಬಂದಿದೆ ಎಂದು ಅವರು ಕಿವಿಯಾರೆ ಕೇಳಬೇಕು, ಅದೊಂದೇ ಹಟ.

ಅತ್ತೆ ಮತ್ತು ಓಣಿಯ ಹೆಂಗಸರ ಜೊತೆ ಎಸ್‌ಟಿ ಬಸ್ಸು ಹತ್ತಿ ಹೋದೆ. ಅಕ್ಕೋರು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಕೊರಳೆಲ್ಲ ಪಟ್ಟಿ. "ಓದ್ರಿ, ಆಕಿಗೆ ಕೇಳಸ್ತೈತಿ" ಅಂದರು ತಂಗಿ. ಉಳಿದವರು ರೂಢಿಯಂತೆ ಕೊಂಡಿ, ಚಿಮಟ ತೆಗೆದು ನೆಲಕ್ಕೆ ಕೂತರು. ಅಕ್ಕೋರಿಗೆ ಆ ಸಪ್ಪಳವೂ ಬೇಕು ಎಂದು ಅತ್ತೆಯೇ ಹೇಳಿದ್ದರು.

ನಾನು ತಲೆ ಎತ್ತದೆ ಓದಿದೆ. ಹುಲಿ ಬಂತು. ಗಂಟಲಿನ ಬುಡದಿಂದ ಗರ್ಜಿಸಿದೆ. ಪಕ್ಕದಲ್ಲಿ ಅತ್ತೆಯ ಚಿಮಟ ನಿಂತಿತು. ಆಮೇಲೆ ಉಳಿದವರದೂ. ಕೈ ನಿಂತವು ಎಂದು ಹಿಗ್ಗಿ ಇನ್ನಷ್ಟು ಜೋರಾಗಿ ಓದಿದೆ.

ಅತ್ತೆ ನನ್ನ ಮೊಣಕಾಲು ಅದುಮಿ ಹಿಡಿದರು.

"ಸಾಕ ಮಾಡ್ವಾ" ಅಂದರು. "ಹೋದ್ರು."