ಎಡಗೆನ್ನೆಯ ನಾಗದೋಷ

ನಿಮ್ಮ ಮನೆಯ ಹುಡುಗ ಮೊದಲ ಸಲ ಗಡ್ಡ ತೆಗೆಯಲು ಕನ್ನಡಿಯ ಮುಂದೆ ನಿಂತ ದಿನ, ಬ್ಲೇಡನ್ನು ಯಾವ ದಿಕ್ಕಿಗೆ ಎಳೆಯಬೇಕೆಂದು ನೀವು ಅವನಿಗೆ ತೋರಿಸಿಕೊಟ್ಟಿದ್ದೀರಾ? ಇಲ್ಲವೆಂದಾದರೆ, ಮುಂದೆ ಅವನ ಕುತ್ತಿಗೆಯಲ್ಲಿ ಏಳುವ ಗುಳ್ಳೆಗಳಿಗೆ ಕಾರಣ ಕೇಳಿಕೊಂಡು ಜೋಯಿಸರ ಮನೆಯ ಮೆಟ್ಟಿಲು ಹತ್ತುವ ಹಕ್ಕು ನಿಮಗಿಲ್ಲ. ಇದು ಒರಟು ಮಾತೆಂದು ನನಗೆ ಗೊತ್ತುಂಟು. ಆದರೆ ಇದೇ ವಿಷಯದಲ್ಲಿ ಒಂದು ಉದ್ಯೋಗವನ್ನು ಕಳೆದುಕೊಂಡವನು ನಾನು. ಮೃದುವಾಗಿ ಹೇಳಬೇಕಾದ ಹಂಗು ನನಗಿಲ್ಲ.

ಐವತ್ತರ ದಶಕದ ನಡುವಿನ ಮಾತು. ಪುಂಜಾಲಕಟ್ಟೆಯ ಹತ್ತಿರದ ನಮ್ಮ ಮನೆ ಅಳಿಯಕಟ್ಟಿನದು, ಯಜಮಾನಿಕೆ ಸೋದರಮಾವನದು. ಜಗಲಿಯ ಕಂಬಕ್ಕೆ ಒಂದು ಕನ್ನಡಿ ತೂಗಿತ್ತು. ಅದರ ಕೆಳಗಿನ ಹಲಗೆಯ ಮೇಲೆ ಒಂದು ಸೇಫ್ಟಿ ರೇಜರ್. ಮನೆಯ ಗಂಡಸರಿಗೆಲ್ಲ ಅದೊಂದೇ, ಅದರೊಳಗಿನ ಬ್ಲೇಡೂ ಒಂದೇ. ಬ್ಲೇಡು ಮೊಂಡಾದರೆ ಬಿಸಾಡುವ ಪದ್ಧತಿ ಇರಲಿಲ್ಲ. ಗಾಜಿನ ಲೋಟದ ಒಳಮೈಗೆ ಅದನ್ನು ಬೆರಳಿನಿಂದ ಒತ್ತಿ, ಹಿಂದೆ ಮುಂದೆ ಉಜ್ಜಿ, ಹರಿತವಾಯಿತೆಂದು ಮಾವ ತೀರ್ಪು ಕೊಡುತ್ತಿದ್ದರು. ನೀರು ಬಾವಿಯ ತಣ್ಣೀರು. ಸಾಬೂನು ಬಟ್ಟೆ ಒಗೆಯುವುದು. ನನಗೆ ಸಿಕ್ಕಿದ ಪಾಠ ಇಷ್ಟೇ:

"ಕೆಳಗಿನಿಂದ ಮೇಲಕ್ಕೆ ಹೆರೆ. ಕೈಗೆ ಒಂದು ಕೂದಲೂ ತಾಗಬಾರದು. ಆಮೇಲೆ ಸ್ಫಟಿಕದ ಕಲ್ಲು ಉಜ್ಜು. ಉರೀತದೆ. ಗಂಡಸಲ್ಲವಾ, ಸಹಿಸಿಕೊ."

ಮಾವನ ಮುಖಕ್ಕೆ ಇದರಿಂದ ಏನೂ ಆಗುತ್ತಿರಲಿಲ್ಲ. ನನ್ನದು ಸೊಳ್ಳೆ ಕಚ್ಚಿದರೂ ಸಂಜೆಯವರೆಗೆ ಕೆಂಪಾಗಿಯೇ ಉಳಿಯುವ ಚರ್ಮ. ಎರಡು ಬಗೆಯ ಚರ್ಮಗಳು ಇರಬಹುದೆಂಬ ಯೋಚನೆಯೇ ಆ ಜಗಲಿಯಲ್ಲಿ ಯಾರಿಗೂ ಬಂದಿರಲಿಲ್ಲ.

ಇದರ ಮೇಲೆ ಪಂಚಾಂಗದ ಆಡಳಿತ. ಮಂಗಳವಾರ ಗಡ್ಡ ತೆಗೆಯಬಾರದು, ಶುಕ್ರವಾರ ಕೂಡದು, ಶನಿವಾರವಂತೂ ಬೇಡವೇ ಬೇಡ. ಅಮಾವಾಸ್ಯೆ, ಏಕಾದಶಿ, ಜನ್ಮನಕ್ಷತ್ರ ಬೇರೆ. ನಾನು ಬೆಳ್ತಂಗಡಿಯ ದಾರಿಯಲ್ಲಿದ್ದ ಒಂದು ಖಾಸಗಿ ಶಾಲೆಯಲ್ಲಿ ಆಗಷ್ಟೇ ಅಧ್ಯಾಪಕನಾಗಿ ಸೇರಿದ್ದೆ. ಆ ಶಾಲೆಯ ಮ್ಯಾನೇಜರರು ಊರಿನ ದೊಡ್ಡ ಜಮೀನ್ದಾರರು, ನಾವೆಲ್ಲ ಧಣಿಗಳೆಂದು ಕರೆಯುತ್ತಿದ್ದವರು. ಅಧ್ಯಾಪಕರ ಮುಖ ಸದಾ ನುಣ್ಣಗಿರಬೇಕೆಂದು ಅವರ ಅಪ್ಪಣೆ. ಹೀಗೆ, ತೆಗೆಯಬಾರದೆಂದು ಮನೆ ತಡೆದ ಗಡ್ಡವನ್ನು ಶಾಲೆಯ ಅಪ್ಪಣೆಗಾಗಿ ಸೋಮವಾರ ಬೆಳಿಗ್ಗೆ ಒಂದೇ ಉಸಿರಿಗೆ, ಮೊಂಡು ಬ್ಲೇಡಿನಿಂದ, ಎದುರು ದಿಕ್ಕಿಗೆ ಕಿತ್ತು ತೆಗೆಯಬೇಕಾಗಿತ್ತು. ಮಧ್ಯಾಹ್ನದೊಳಗೆ ಕುತ್ತಿಗೆ ಬೆಂದಂತಾಗುತ್ತಿತ್ತು. ಬುಧವಾರಕ್ಕೆ ಕೀವು. ನಾನು ಕಪ್ಪುಹಲಗೆಯ ಕಡೆಗೆ ತಿರುಗಿ ಬರೆಯುವಾಗ ಅಂಗಿಯ ಕಾಲರು ಗುಳ್ಳೆಗಳಿಗೆ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು.

ಊರು ಮೊದಲು ಪಿಸುಗುಟ್ಟಿತು, ಆಮೇಲೆ ದೂರ ಸರಿಯಿತು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಎರಡೂ ಬದಿಯ ಎಲೆಗಳು ಖಾಲಿ ಉಳಿದವು. ಮಕ್ಕಳ ತಂದೆತಾಯಿಗಳಲ್ಲಿ ಕೆಲವರು ಅದನ್ನು 'ದೊಡ್ಡ ರೋಗ' ಎಂದರು. ಆ ಕಾಲದಲ್ಲಿ ಕುಷ್ಠಕ್ಕೆ ನಮ್ಮಲ್ಲಿ ಬಳಸುತ್ತಿದ್ದ ಮರ್ಯಾದೆಯ ಹೆಸರು ಅದು. ಬೇಸಗೆ ರಜೆಗೆ ಮುಂಚೆ ಧಣಿಗಳು ನನ್ನನ್ನು ಮನೆಗೆ ಕರೆಸಿದರು. ಮಜ್ಜಿಗೆ ಕೊಡಿಸಿದರು. ಲೋಟ ಬೇಡ, ಬಾಳೆಲೆಯ ದೊನ್ನೆಯಲ್ಲಿ ಕೊಡಿ ಎಂದು ಒಳಗೆ ಹೇಳಿದ್ದು ನನಗೂ ಕೇಳಿಸಿತು.

"ಮಾಸ್ಟ್ರೇ, ನಿಮ್ಮ ಪಾಠದ ಬಗ್ಗೆ ನನಗೆ ದೂರು ಇಲ್ಲ. ಇದು ನಾಗನ ಉಪದ್ರ. ಚರ್ಮಕ್ಕೆ ಬಂದದ್ದು ಅಂದರೆ ಅವನದ್ದೇ. ರಜೆಯಲ್ಲಿ ಸೇವೆ ಮಾಡಿಸಿ. ಜೂನಿನಲ್ಲಿ ಮುಖ ಸರಿ ಆದರೆ ಬನ್ನಿ. ಇಲ್ಲದಿದ್ದರೆ ಮಕ್ಕಳ ಎದುರು ನಿಲ್ಲಿಸಲಿಕ್ಕೆ ನನಗೆ ಕಷ್ಟ ಆಗ್ತದೆ."

"ಡಾಕ್ಟರರಿಗೆ ತೋರಿಸುವ ಅಂತ ಇದ್ದೇನೆ, ಧಣಿಗಳೇ."

"ತೋರಿಸಿ. ಅದು ಬೇರೆ, ಇದು ಬೇರೆ."

ನಾನು ಡಾಕ್ಟರರಲ್ಲಿಗೆ ಹೊರಡುವ ಮೊದಲೇ ಮಾವ ಬಂಟ್ವಾಳದ ಜೋಯಿಸರಲ್ಲಿಗೆ ಹೋಗಿ ಬಂದಾಗಿತ್ತು. ಕವಡೆ ಹಾಕಿದ ಜೋಯಿಸರು ನನ್ನ ಮುಖ ನೋಡಿರಲಿಲ್ಲ, ನೋಡಬೇಕೆಂದೂ ಕೇಳಲಿಲ್ಲ. ಹಿಂದಿನ ತಲೆಮಾರಿನವರು ಯಾರೋ ನಾಗಬನದ ಮರ ಕಡಿದಿದ್ದಾರೆ. ನಾಗನಿಗೆ ಆಶ್ಲೇಷಾ ಬಲಿಯ ಸೇವೆ ಆಗಬೇಕು, ಅದಾಗುವವರೆಗೆ ತಾಯಿ ಷಷ್ಠಿಯ ಉಪವಾಸ ಹಿಡಿಯಬೇಕು ಎಂದರಂತೆ. ಅಮ್ಮ ಅಂದಿನಿಂದಲೇ ಹಿಡಿದರು. ಹಸಿದ ಹೊಟ್ಟೆಯಲ್ಲಿ ಹಾಲಿನ ಚೆಂಬು ಹಿಡಿದುಕೊಂಡು ಬನಕ್ಕೆ ನಡೆಯುತ್ತಿದ್ದ ಅವರನ್ನು ನೋಡಿದಾಗ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ತಪ್ಪಾಗಿ ಎಳೆದ ಬ್ಲೇಡು ಒಂದು, ಉಪವಾಸ ಬಿದ್ದವರು ಇನ್ನೊಬ್ಬರು.

ರಜೆ ಶುರುವಾದೊಡನೆ ಅಜ್ಜಿ ತೀರಿಹೋದರು. ಸೂತಕ. ಉತ್ತರಕ್ರಿಯೆ ಮುಗಿಯುವವರೆಗೆ ಮನೆಯ ಗಂಡಸರು ಯಾರೂ ಗಡ್ಡ ತೆಗೆಯುವಂತಿಲ್ಲ. ಆ ದಿನಗಳಲ್ಲಿ ನನ್ನ ಮುಖದಲ್ಲಿ ಒಂದು ವಿಚಿತ್ರ ಸಂಭವಿಸಿತು. ಕೀವು ಒಣಗಿತು, ಕೆಂಪು ಇಳಿಯಿತು, ಗಡ್ಡದ ಅಡಿಯ ಚರ್ಮ ಮಗುವಿನ ಚರ್ಮದಂತೆ ತಣ್ಣಗಾಯಿತು. ಅಮ್ಮನ ಉಪವಾಸ ಫಲಿಸಿತೆಂದು ಮಾವ ಸಂತೋಷಪಟ್ಟರು. ಕ್ರಿಯೆಯ ದಿನ ಕ್ಷೌರಿಕನು ಬಂದು ಎಲ್ಲರನ್ನೂ ಸಾಲಾಗಿ ಕೂರಿಸಿ, ಒಂದೇ ಕತ್ತಿಯಿಂದ, ಒಂದೇ ಬೋಗುಣಿಯ ನೀರಿನಿಂದ ಹೆರೆದ. ಮರುದಿನವೇ ನನ್ನ ಕುತ್ತಿಗೆ ಮತ್ತೆ ಬೆಂದಿತು.

"ನಿನ್ನ ಬಾಯಿ ಸರಿ ಇಲ್ಲ, ಅದಕ್ಕೇ ವಾಪಾಸು ಬಂತು," ಎಂದರು ಮಾವ.

ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ್ದ ಮೊದಲ ನಿಯಮವೆಂದರೆ, ಎದುರಾಳಿಯ ವಾದವನ್ನು ಪೂರ್ಣವಾಗಿ ಒಪ್ಪಿಕೊಂಡು ಅದು ಎಲ್ಲಿಗೆ ಮುಟ್ಟುತ್ತದೆಂದು ನೋಡುವುದು. ಹಾಗೆಯೇ ಕೇಳಿದೆ. "ಮಾವ, ನಾಗನಿಗೆ ನನ್ನ ಮೇಲೆ ಸಿಟ್ಟು ಅಂತಲೇ ಇಟ್ಟುಕೊಳ್ಳುವ. ಅವನು ಹಣೆಗೆ ಯಾಕೆ ಬರುವುದಿಲ್ಲ? ಮೂಗಿಗೆ, ಕೈಗೆ, ಬೆನ್ನಿಗೆ ಯಾಕೆ ಬರುವುದಿಲ್ಲ? ಬ್ಲೇಡು ಹೋಗುವ ಗೆರೆ ದಾಟದೆ ಅಷ್ಟು ಶಿಸ್ತಿನಲ್ಲಿ ಯಾಕೆ ನಿಲ್ತಾನೆ? ನಾವು ಗಡ್ಡ ಬಿಟ್ಟಾಗ ಅವನಿಗೂ ರಜೆ ಯಾಕೆ?"

"ಕಾಲೇಜಿಗೆ ಕಳಿಸಿದ್ದು ಇದಕ್ಕೇ ಇರಬೇಕು," ಎಂದು ಮಾವ ಎಲೆಅಡಿಕೆಯ ತಟ್ಟೆ ಎಳೆದುಕೊಂಡರು.

ವಾದಕ್ಕೆ ಬಗ್ಗದವರಿಗೆ ಕಣ್ಣಿನಿಂದಲೇ ತೋರಿಸಬೇಕೆಂದು ನಿಶ್ಚಯಿಸಿದೆ. ಮೂಡುಬಿದಿರೆಗೆ ಹೋಗಿ ನನಗಾಗಿಯೇ ಒಂದು ರೇಜರು, ಹೊಸ ಬ್ಲೇಡುಗಳು, ಮೆತ್ತನೆಯ ಬ್ರಶ್ಶು, ಗಡ್ಡಕ್ಕೆಂದೇ ಮಾಡಿದ ಸಾಬೂನು ತಂದೆ. ಅಲ್ಲಿಯೇ ಡಾಕ್ಟರರೊಬ್ಬರಿಗೂ ಮುಖ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಚರ್ಮ ಸೂಕ್ಷ್ಮ, ಕೈ ಒರಟು. ಬೇರೆ ರೋಗ ಇಲ್ಲ. ಮುಂದೆ ಯಾರು?" ಎಂದು ಹೊರಗಿನವರನ್ನು ಕರೆದರು. ಉಳಿದದ್ದನ್ನು ನಾನೇ ಪ್ರಯತ್ನಿಸಿ, ತಪ್ಪಿ, ತಿದ್ದಿ ಕಲಿತೆ.

ಬಲಗೆನ್ನೆ ಹೊಸ ಕ್ರಮಕ್ಕೆ, ಎಡಗೆನ್ನೆ ಮನೆಯ ಕ್ರಮಕ್ಕೆ. ಪಂಚಾಂಗವನ್ನು ಮಡಚಿಟ್ಟು, ಒಂದು ದಿನ ಬಿಟ್ಟು ಒಂದು ದಿನ, ಎಲ್ಲರ ಕಣ್ಣೆದುರು ಜಗಲಿಯಲ್ಲೇ ನಿಂತು ತೆಗೆದೆ. ಬಲಗಡೆಗೆ ಮಾಡಿದ್ದು ಹೀಗೆ. ಸ್ನಾನ ಮುಗಿಸಿ ಬಂದ ಮೇಲೆಯೇ ಕನ್ನಡಿಯ ಮುಂದೆ ನಿಲ್ಲುತ್ತಿದ್ದೆ. ಹಂಡೆಯ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಒತ್ತಿ ಹಿಡಿದರೆ ಕೂದಲು ಮೆತ್ತಗಾಗುತ್ತದೆ. ಒಣ ಮುಖದ ಮೇಲೆ ಬೆರಳಾಡಿಸಿ ಕೂದಲು ಯಾವ ಕಡೆಗೆ ಮಲಗಿದೆಯೆಂದು ಮೊದಲೇ ತಿಳಿದುಕೊಂಡಿದ್ದೆ. ಕೆನ್ನೆಯಲ್ಲಿ ಅದು ಕೆಳಮುಖ. ದವಡೆಯ ಕೆಳಗೆ ಕಿವಿಯ ಕಡೆಗೆ ಅಡ್ಡ. ಗಂಟಲಿನ ಹತ್ತಿರ ಮತ್ತೆ ಕೆಳಮುಖ. ಇಷ್ಟು ವರ್ಷ ಹೊತ್ತು ತಿರುಗಿದ ಮುಖದ ನಕ್ಷೆ ನನಗೇ ಗೊತ್ತಿರಲಿಲ್ಲ. ಬ್ರಶ್ಶಿನಿಂದ ನೊರೆ ಎಬ್ಬಿಸಿ, ಅದು ಕೂದಲ ಬುಡಕ್ಕೆ ಇಳಿಯುವಷ್ಟು ಹೊತ್ತು ಕಾಯಬೇಕು. ಆಮೇಲೆ ಕೂದಲು ಮಲಗಿದ ಕಡೆಗೇ, ಒತ್ತದೆ, ರೇಜರಿನ ಭಾರ ಮಾತ್ರ ಬಿಟ್ಟು, ಚಿಕ್ಕ ಚಿಕ್ಕದಾಗಿ ಎಳೆಯಬೇಕು. ಪ್ರತಿ ಸಲವೂ ಬ್ಲೇಡನ್ನು ನೀರಿನಲ್ಲಿ ತೊಳೆಯಬೇಕು. ನೊರೆ ಹೋದ ಜಾಗಕ್ಕೆ ಮತ್ತೆ ಬ್ಲೇಡು ತಾಗಿಸಬಾರದು. ಉಳಿದ ಕೂದಲು ಉಳಿಯಲಿ. ಅದರ ಹಿಂದೆ ಓಡಿದವನ ಚರ್ಮವೇ ಹರಿಯುವುದು. ಕೊನೆಗೆ ತಣ್ಣೀರು, ಬಟ್ಟೆಯಿಂದ ಒತ್ತಿ ಒರಸುವುದು, ಅಷ್ಟೇ. ಸ್ಫಟಿಕವಿಲ್ಲ.

ಎಡಗಡೆಗೆ ಲೋಟದಲ್ಲಿ ಉಜ್ಜಿದ ಬ್ಲೇಡು, ಒಗೆಯುವ ಸಾಬೂನು, ಕೆಳಗಿನಿಂದ ಮೇಲಕ್ಕೆ.

ಮೇ ತಿಂಗಳೆಲ್ಲ ನಾನು ಎರಡು ಮುಖದವನಾಗಿ ತಿರುಗಿದೆ. ಪುಂಜಾಲಕಟ್ಟೆಯ ಹೋಟೆಲಿನ ಯಜಮಾನರು ಒಳಗೆ ಕೂಗಿ ಹೇಳುತ್ತಿದ್ದರು: "ಮಾಸ್ಟ್ರು ಇವತ್ತು ಯಾವ ಬದಿ ತೋರಿಸಿ ಕೂತಿದ್ದಾರೆ ನೋಡು ಮಾರಾಯ, ಬಲಬದಿ ಆದರೆ ಗಾಜಿನ ಗ್ಲಾಸಿನಲ್ಲೇ ಚಾ ಕೊಡು." ನಾನು ಬೇಕೆಂದೇ ಎಡಗೆನ್ನೆ ಕಾಣುವಂತೆ ಕುಳಿತುಕೊಳ್ಳುತ್ತಿದ್ದೆ.

ತಿಂಗಳ ಕೊನೆಗೆ ಸಂದೇಹಕ್ಕೆ ಎಡೆ ಉಳಿದಿರಲಿಲ್ಲ. ಬಲಗಡೆ ನಿರ್ಮಲ, ಎಡಗಡೆ ಹಸಿಹುಣ್ಣು. ಮಾವ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಗಂಭೀರವಾಗಿ ಹೇಳಿದರು: "ಅರ್ಧ ಪರಿಹಾರ ಆಗಿದೆ. ಇನ್ನರ್ಧಕ್ಕೆ ಬಲಿ ಆಗಲೇಬೇಕು."

ಅದಕ್ಕೆ ಉತ್ತರ ಕೊಟ್ಟವರು ಅಮ್ಮ. ಹತ್ತಿರ ಬಂದು ಎರಡೂ ಕೆನ್ನೆ ಮುಟ್ಟಿ ನೋಡಿ, "ನಾನು ಉಪವಾಸ ಕೂತದ್ದು ಇಡೀ ಮುಖಕ್ಕೆ, ಅಣ್ಣ. ಬಲಬದಿಗೆ ಅಂತ ಹೇಳಿ ಕೂತಿರಲಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ಬದಿಯನ್ನೂ ಹಾಗೇ ತೆಗಿ ಮಗಾ. ನೋಡಲಿಕ್ಕೆ ಆಗುವುದಿಲ್ಲ," ಎಂದರು. ಮುಂದಿನ ಷಷ್ಠಿಯಂದು ಅವರು ಎಲ್ಲರೊಂದಿಗೆ ಗಂಜಿ ಉಂಡರು. ಬನಕ್ಕೆ ಹಾಲು ಮಾತ್ರ ಎಂದಿನಂತೆ ಕೊಂಡುಹೋದರು. ನನಗೂ ಅದರಲ್ಲಿ ತಕರಾರಿರಲಿಲ್ಲ. ನನ್ನ ಜಗಳ ನಾಗನ ಮೇಲೆ ಎಂದೂ ಇರಲಿಲ್ಲ.

ಜೂನಿನಲ್ಲಿ ಶಾಲೆ ತೆರೆದ ದಿನ ನನ್ನ ಮುಖದಲ್ಲಿ ಒಂದು ಗುಳ್ಳೆಯೂ ಉಳಿದಿರಲಿಲ್ಲ. ಮಕ್ಕಳನ್ನು ಸೇರಿಸಲು ಬಂದ ತಂದೆಯಂದಿರು ಅಂಗಳದಲ್ಲಿ ನಿಂತಿದ್ದರು. ಧಣಿಗಳು ಎಲ್ಲರೂ ಕೇಳುವಂತೆ ಹೇಳಿದರು: "ಸೇವೆ ಮಾಡಿಸಿದ್ದು ಒಳ್ಳೆಯದಾಯ್ತು ಮಾಸ್ಟ್ರೇ. ನೋಡಿ, ನಂಬಿದರೆ ಹೀಗೆ."

ಸುಮ್ಮನೆ ಕೈಮುಗಿದಿದ್ದರೆ ಆ ಕೆಲಸ ನನ್ನದು. ಹಿಂದೆ ನಿಂತಿದ್ದ ಹಿರಿಯ ಸಹೋದ್ಯೋಗಿ ನನ್ನ ಅಂಗಿಯ ಚುಂಗು ಎಳೆದರು. ಆದರೆ ಅಂಗಳದಲ್ಲಿ ಆಗತಾನೆ ಮೀಸೆ ಚಿಗುರಿದ ಹುಡುಗರ ತಂದೆಯಂದಿರು ತಲೆಯಾಡಿಸುತ್ತಿದ್ದರು. ನಾನು ಸುಮ್ಮನಿದ್ದರೆ ಆ ಹುಡುಗರೆಲ್ಲರ ತಾಯಂದಿರು ಉಪವಾಸ ಬೀಳುವವರಿದ್ದರು.

"ಸೇವೆ ಮಾಡಿಸಲಿಲ್ಲ, ಧಣಿಗಳೇ. ಬ್ಲೇಡು ಎಳೆಯುವ ದಿಕ್ಕು ಬದಲಾಯಿಸಿದೆ."

ಯಾರೋ ಕಿಸಕ್ಕೆಂದರು. ಧಣಿಗಳ ಮುಖ ಬಿಗಿಯಿತು. "ಹಾಗಾದರೆ ನಾಗ ಸುಳ್ಳು ಅಂತೀರಾ, ಮಕ್ಕಳ ಎದುರು?"

"ನಾಗನ ಬಗ್ಗೆ ನಾನು ಏನೂ ಹೇಳಲಿಲ್ಲ. ನನ್ನ ಗಡ್ಡದ ಬಗ್ಗೆ ಹೇಳಿದೆ. ಅದನ್ನು ಅವನ ತಲೆಗೆ ಕಟ್ಟಿದ್ದು ನಾವು."

ಮುಖ ಸರಿಯಾದರೆ ಬನ್ನಿ ಎಂದವರು, ಮುಖ ಸರಿಯಾದ ಮೇಲೆ ಬಾಯಿ ಸರಿಯಿಲ್ಲವೆಂದು ಆ ತಿಂಗಳಲ್ಲೇ ನನ್ನನ್ನು ಕಳಿಸಿಕೊಟ್ಟರು. ಕೆಲವು ತಿಂಗಳು ಮನೆಯಲ್ಲಿ ಕುಳಿತು, ಆಮೇಲೆ ಬೆಳುವಾಯಿಯ ಕಡೆ ಬೇರೊಂದು ಶಾಲೆಗೆ ಸೇರಿದೆ. ಅರವತ್ತರ ದಶಕವನ್ನೆಲ್ಲ ಅಲ್ಲಿಯೇ ಕಳೆದೆ.

ಕೆಲಸ ಹೋದದ್ದಕ್ಕೆ ಬಂದ ಸಿಟ್ಟು ಕಾಲಕ್ರಮದಲ್ಲಿ ತಗ್ಗಿತು. ತಗ್ಗದೆ ಉಳಿದದ್ದು ಇನ್ನೊಂದು ಸಿಟ್ಟು. ಅಂಗಿ ಎಳೆದಿದ್ದ ಆ ಸಹೋದ್ಯೋಗಿ ಒಂದು ದಿನ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ನನ್ನನ್ನು ಗೋಡೆಯ ಮರೆಗೆ ಕರೆದೊಯ್ದು, ದನಿ ತಗ್ಗಿಸಿ ಕೇಳಿದರು: "ಮಾರಾಯ್ರೇ, ಗಂಟಲಿನ ಹತ್ತಿರ ಮೇಲಕ್ಕಾ, ಕೆಳಕ್ಕಾ? ಮಗನಿಗೆ ಎದ್ದಿದೆ."

ಹೇಳಿಕೊಟ್ಟೆ. ಮುಂದೆ ಒಬ್ಬೊಬ್ಬರೇ ಹೀಗೆ ಮರೆಯಲ್ಲಿ ಬಂದು ಕೇಳಿಕೊಂಡು ಹೋದರು. ಅವರ ಮಕ್ಕಳ ಮುಖಗಳು ಗುಣವಾದವು. ಅಂಗಳದಲ್ಲಿ ನಿಂತು, ಗುಣವಾದದ್ದು ಹೇಗೆಂದು ಮಾತ್ರ ಒಬ್ಬರೂ ಹೇಳಲಿಲ್ಲ. ಹರಕೆ ಸಂದಿತೆಂದೇ ಹೇಳಿದರು. ಮಾತು ಗೋಡೆಯ ಮರೆಯಲ್ಲೇ ಉಳಿದದ್ದರಿಂದ, ಆಚೆಯ ಮನೆಯ ಹುಡುಗ ಇವತ್ತೂ ಕಾಲರು ಎತ್ತಿ ಕುತ್ತಿಗೆ ಮುಚ್ಚಿಕೊಂಡು ನಡೆಯುತ್ತಾನೆ, ಅವನ ತಾಯಿ ಹಸಿದಿರುತ್ತಾಳೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯ ಹುಡುಗನಿಗೆ ಅವನದ್ದೇ ಒಂದು ರೇಜರು ಕೊಡಿಸಿ. ಬಿಸಿನೀರು ಕಾಯಿಸಿಕೊಟ್ಟು, ಪಕ್ಕದಲ್ಲಿ ನಿಂತು, ಕೂದಲು ಮಲಗಿದ ಕಡೆಗೇ ಎಳೆಯಲು ತೋರಿಸಿ. ಅವನ ಮುಖ ನೆಟ್ಟಗಿದ್ದರೆ, ಕಾರಣವನ್ನು ನೆರೆಮನೆಯವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿ.