ಮುಟ್ಟಬೇಡಿ ಎಂದವರ ತಂಗಿ

ಮೊನ್ನೆ ಅಡುಗೆಮನೆಯಲ್ಲಿ ಈರುಳ್ಳಿ ಜಜ್ಜಿದ ಘಾಟು ಮೂಗಿಗೆ ಬಡಿದೊಡನೆ, ಮಳವಳ್ಳಿಯ ನಮ್ಮ ಬೀದಿಯ ದರ್ಜಿಯ ತಂಗಿ ಕಣ್ಣ ಮುಂದೆ ಬಂದರು. ಮೂರು ವರ್ಷ ಕಳೆದರೂ ನನ್ನ ಸಿಟ್ಟು ತಣಿದಿಲ್ಲ.

ನಲವತ್ತರ ಆಸುಪಾಸಿನ ಆಕೆ ಅಣ್ಣನ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದರು. ಮಾತು ಕಡಿಮೆ, ಹೊಲಿಗೆಯಲ್ಲಿ ಒಂದು ನೂಲೂ ಆಚೀಚೆಯಾಗುತ್ತಿರಲಿಲ್ಲ. ಆಕೆಗೆ ಆಟಿಸಂ ಇದೆಯೆಂದು ಮೈಸೂರಿನ ವೈದ್ಯರು ತಿಳಿಸಿದ್ದನ್ನು ದರ್ಜಿ ನನಗೆ ಬಿಡಿಸಿ ಹೇಳಿದ್ದರು. ಜೋರು ಸದ್ದಾದರೆ ಆಕೆ ಕಿವಿ ಮುಚ್ಚಿಕೊಂಡು ಕುಳಿತಲ್ಲೇ ತೂಗಾಡುತ್ತಿದ್ದರು. ಯಾರೂ ಮುಟ್ಟದಿದ್ದರೆ ಸ್ವಲ್ಪ ಹೊತ್ತಿನಲ್ಲಿ ತಾವೇ ಎದ್ದು ಮತ್ತೆ ಸೂಜಿ ಹಿಡಿಯುತ್ತಿದ್ದರು.

ಆ ಬೆಳಿಗ್ಗೆ ಎದುರುಮನೆಯ ಅಜ್ಜನನ್ನು ಒಯ್ಯಲು ಯಾವುದೋ ಖಾಸಗಿ ಆಂಬ್ಯುಲೆನ್ಸ್ ಬಂತು. ನಿಂತ ಮೇಲೂ ಸೈರನ್ ಕೂಗುತ್ತಲೇ ಇತ್ತು. ಹಾಲು ತರಲು ಹೊರಟಿದ್ದ ಆಕೆ ನಡುಬೀದಿಯಲ್ಲೇ ಕುಳಿತು ತೂಗಾಡತೊಡಗಿದರು.

"ಪಿಟ್ಸ್ ಬಂದದೆ ಕಣ್ರಲಾ! ಕೈಗೆ ಕಬ್ಬಿಣ ಕೊಡ್ರಲಾ!" ಎಂದು ಯಾರೋ ಕೂಗಿದರು. ಆಂಬ್ಯುಲೆನ್ಸಿನವರೂ ಮೂರ್ಛೆರೋಗವೆಂದೇ ನಂಬಿದರು. ಒಬ್ಬ ತೋಳು ತಿರುಚಿ ಹಿಡಿದ. ಇನ್ನೊಬ್ಬ ಮಂಡಿಯೂರಿ ಅದುಮಿದ. ನೆರೆದವರು ಜಜ್ಜಿದ ಈರುಳ್ಳಿಯನ್ನು ಮೂಗಿಗೆ ಒತ್ತಿದರು.

"ಮುಟ್ಬ್ಯಾಡ್ರಪ್ಪಾ! ಸದ್ದು ನಿಲ್ಸಿ, ಸುಮ್ಕೆ ಬುಡಿ, ತಾನೇ ಎದ್ದೇಳ್ತಾಳೆ!" ಎಂದು ದರ್ಜಿ ಅಂಗಲಾಚಿದರು.

"ನೀನ್ಯಾವ ಡಾಕ್ಟ್ರಯ್ಯಾ? ಸರಿ ಅತ್ಲಾಗೆ!" ಎಂದು ತೋಳು ಹಿಡಿದವನು ಗದರಿದ.

ನಾನು... ಅರವತ್ತು ಮಕ್ಕಳ ತರಗತಿಯನ್ನು ಒಂದೇ ಮಾತಿನಿಂದ ಸುಮ್ಮನಾಗಿಸುತ್ತಿದ್ದ ಮೇಷ್ಟ್ರು, ತುಟಿ ಬಿಚ್ಚಲಿಲ್ಲ. ಗುಂಪು ಕಬ್ಬಿಣಕ್ಕಾಗಿ ಕೈ ಚಾಚಿತು. ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟೆ. ಎಲ್ಲವನ್ನೂ ತಿಳಿದಿದ್ದೂ ಕೊಟ್ಟೆ.

ಕೊಸರಾಟದಲ್ಲಿ ಆಕೆಯ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತಾದರೂ ಬೆರಳುಗಳಿಗೆ ಸೂಜಿ ಹಿಡಿಯುವ ಶಕ್ತಿ ಮರಳಲಿಲ್ಲ. ಆಕೆ ಮತ್ತೆ ಹೊಸ್ತಿಲು ದಾಟಲಿಲ್ಲ. ಕಳೆದ ವರ್ಷ ವಿಪರೀತ ಜ್ವರ ಬಂದಾಗ ಹೊರಗಿನವರಾರನ್ನೂ ಹತ್ತಿರ ಬಿಡದೆ ಮನೆಯಲ್ಲೇ ತೀರಿಕೊಂಡರು.

"ಸಹಾಯ ಮಾಡಲು ಹೋಗಿದ್ದು" ಎಂದರು, ಹಿಡಿದವರು. ಮನೆಯವರ ಮಾತಿಗೆ ಕಿವಿಗೊಡದೆ ಮೈಮೇಲೆ ಬಿದ್ದು ಮಾಡುವ ಸಹಾಯವನ್ನು ನಾನು ಹಲ್ಲೆಯೆಂದೇ ಕರೆಯುತ್ತೇನೆ. ಅದರಲ್ಲಿ ನನ್ನ ಪಾಲೂ ಇದೆ.

ಕಳೆದ ತಿಂಗಳು ಶಾಲೆಯೊಂದರಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ನಡೆಯಿತು. ಬಂದಿದ್ದ ಆಂಬ್ಯುಲೆನ್ಸ್ ಸಿಬ್ಬಂದಿಯ ಮುಂದೆ ನಿಂತು, ಸಿಟ್ಟಿನಿಂದಲೇ ಹೇಳಿದೆ: ಸೈರನ್ ನಿಲ್ಲಿಸಿ. ಗುಂಪು ಚದುರಿಸಿ. ಮುಟ್ಟುವ ಮೊದಲು ಮನೆಯವರನ್ನು ಕೇಳಿ. ಮೆಲ್ಲಗೆ ಒಬ್ಬರೇ ಮಾತನಾಡಿ, ಉತ್ತರಕ್ಕೆ ಕಾಯಿರಿ.

ಅಲ್ಲಿಂದ ನೇರವಾಗಿ ದರ್ಜಿಯ ಅಂಗಡಿಗೆ ಹೋಗಿ, ಹೇಳಿದ್ದೆಲ್ಲವನ್ನೂ ತಿಳಿಸಿದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಈಗ ಯೋಳುದ್ರಾ, ಮೇಷ್ಟ್ರೇ?"