ಹಸಿ ಗೋಡೆಗೆ ಬಣ್ಣ ಬಳಿಯದ ಅಕ್ಕ

ಬೆಳಗಿನ ಆರು ಗಂಟೆ. ನೆಲಮಾಳಿಗೆಯ ಬಾಡಿಗೆ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಜ್ವರ ನೋಡುವವರಂತೆ ಗೋಡೆಗೆ ಅಂಗೈ ಒತ್ತಿ ನಿಂತಿದ್ದಾರೆ. ಬೀರು ಸರಿಸಿದ್ದೇ ತಡ, ಹಿಂದೆ ಸೊಂಟದೆತ್ತರಕ್ಕೆ ಹಬ್ಬಿದ ಕಪ್ಪು ಬೂಷ್ಟು ಕಾಣುತ್ತದೆ. ಕೂಸನ್ನೆತ್ತಿಕೊಂಡ ಮನೆಯಾಕೆ ಮೂಗು ಮುಚ್ಚಿಕೊಳ್ಳುತ್ತಾಳೆ.

“ಹೋದ ತಿಂಗಳಷ್ಟೇ ಓನರ್ರು ಬಣ್ಣ ಹೊಡೆಸಿದ್ರಲ್ಲಾ!”

“ಹುಣ್ಣಿಗೆ ಪೌಡರ್ ಹಚ್ಚಿದ್ರೆ ವಾಸಿ ಆಗುತ್ತೇನಮ್ಮಾ?”

ಬೀದಿಯವರಿಗೆ ಇವರು ‘ಗೋಡೆ ಅಕ್ಕ’. ಮದುವೆಯಾದ ಹೊಸತರಲ್ಲಿ ಗಾರೆ ಕೆಲಸದ ಗಂಡನಿಗೆ ಸಿಮೆಂಟು ಕಲಸಿ ಕೊಡುತ್ತಿದ್ದವರು. ಊರವರ ಮನೆ ನೆಟ್ಟಗೆ ಮಾಡುವ ಈ ದಂಪತಿಯ ಬಾಡಿಗೆ ಕೋಣೆ ಮಾತ್ರ ಸದಾ ಹಸಿ. ಆ ಕೋಣೆಯ ಮಾಲೀಕ ಬಣ್ಣದ ಡಬ್ಬ ಕೊಟ್ಟ; ಇವರೇ ಬಳಿದರು. ಎರಡೆರಡು ಬಾರಿ. ಆ ಗೋಡೆಗೆ ಆತು ಮಲಗುತ್ತಿದ್ದ ಏಳು ವರ್ಷದ ಮಗಳ ಉಬ್ಬಸ ಒಂದು ಚಳಿಗಾಲದಲ್ಲಿ ಹತೋಟಿಗೆ ಬರಲಿಲ್ಲ. ಮಗು ಉಳಿಯಲಿಲ್ಲ.

“ಬೂಷ್ಟೇ ಕಾರಣ ಅಂತ ಡಾಕ್ಟ್ರು ಹೇಳ್ಲಿಲ್ಲ. ಆದ್ರೆ ಬ್ರಷ್ ಹಿಡಿದಿದ್ದು ನನ್ನ ಕೈಯಲ್ವಾ...” ಅಕ್ಕ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

ಗಂಡ ಆಮೇಲೆ ಗಾರೆ ಮೆತ್ತುವ ಕರಣೆ ಮುಟ್ಟಲಿಲ್ಲ. ಇವರು ಎತ್ತಿಕೊಂಡರು. ಇಪ್ಪತ್ತೊಂದು ವರ್ಷವಾಯಿತು, ವಾರಕ್ಕೆ ಎರಡು ಗೋಡೆ. ಬ್ರಹ್ಮವಿದ್ಯೆಯೇನಲ್ಲ: ಒಳಗೆ ವಾಲಿದ ಕಿಟಕಿ ಕಟ್ಟೆಯನ್ನು ಹೊರಗೆ ಇಳಿಜಾರು ಮಾಡುವುದು, ಸೀಳಿದ ಪೈಪು ಬದಲಿಸುವುದು, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿಸುವುದು. ಹತ್ತರಲ್ಲಿ ಏಳು ಮನೆಗಳ ರೋಗ ಇಷ್ಟೇ. ಕೆರೆದ ಧೂಳು ಈಗ ಅವರದೇ ಎದೆಗಿಳಿದಿದೆ. ಹತ್ತು ಮೆಟ್ಟಿಲಿಗೊಮ್ಮೆ ಕೂರುತ್ತಾರೆ.

ಇವತ್ತಿನ ಈ ಕೋಣೆಯಲ್ಲಿ ಸಿಂಕಿನ ಪೈಪು ಗೋಡೆಯೊಳಗೇ ಸೀಳಿದೆ. ಅದನ್ನು ಬದಲಿಸುವ ಹೊತ್ತಿಗೆ ಮನೆ ಮಾಲೀಕ ಬರುತ್ತಾನೆ.

“ಇವತ್ತೇ ಬಣ್ಣ ಮುಗಿಸಿಬಿಡು.”

“ಒಣಗೋಕೆ ಹದಿನೈದು ದಿನ ಬೇಕು. ಅಲ್ಲೀವರೆಗೆ ಬ್ರಷ್ ಮುಟ್ಟಲ್ಲ.”

“ಬೇರೆಯವರನ್ನ ಕರೀತೀನಿ.”

“ಕರೀರಿ.”

ಸಾಮಾನು ಕಟ್ಟುತ್ತಾ ಮನೆಯಾಕೆಯ ಕಿವಿಯಲ್ಲಿ ಹೇಳುತ್ತಾರೆ: “ಕೂಸನ್ನ ಆಚೆ ಗೋಡೆ ಕಡೆ ಮಲಗಿಸು ತಾಯಿ. ಕಿಟಕಿ ತೆಗೆದಿಡು.” ಮಧ್ಯಾಹ್ನಕ್ಕೆ ಬೇರೊಬ್ಬ ಬಂದು ಹಸಿ ಗೋಡೆಗೇ ಬಣ್ಣ ಬಳಿಯುತ್ತಾನೆ. ಎದುರು ಮನೆಯ ಜಗಲಿಯಲ್ಲಿ ಉಸಿರು ಸುಧಾರಿಸಿಕೊಳ್ಳುತ್ತಿರುವ ಅಕ್ಕನಿಗೆ ಆ ಬಣ್ಣದ ವಾಸನೆ ಬಡಿಯುತ್ತದೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಸಾಮಾನಿನ ಗಂಟು ಬಿಗಿಯುತ್ತಾ ಹೇಳುತ್ತಾರೆ:

“ಒದ್ದೆ ಆಗಿದೆ ಅಂತ ಎಲ್ರೂ ಕರೀತಾರೆ. ಒಣಗಿದೆ, ಬಂದು ನೋಡಕ್ಕಾ ಅಂತ ಇದುವರೆಗೂ ಒಬ್ರೂ ಕರೆದಿಲ್ಲ. ಒಂದ್ಸಲ ಕರೆದ್ರೆ... ಮುಟ್ಟಿ ನೋಡಿ ಬರ್ತೀನಿ, ಅಷ್ಟೆ.”